ಐವತ್ತು ವರ್ಷ ತಡವಾಗಿ ಬಂದ ಹೆಸರು

1963ನೆಯ ಇಸವಿ ನವೆಂಬರ್ 23, ಶನಿವಾರ. ಅಮೆರಿಕದ ಅಧ್ಯಕ್ಷ ಕೆನೆಡಿಯವರು ಹತರಾದ ಮರುದಿನ. ಆ ಸಂಜೆ ಐದೂಕಾಲರ ಸುಮಾರಿಗೆ ಬ್ರಿಟನ್ನಿನ ಮನೆಗಳಲ್ಲಿ ಟೆಲಿವಿಷನ್ನಿನ ಮುಂದೆ ಕುಳಿತಿದ್ದವರ ಕಿವಿಗೆ, ಅವರು ಹಿಂದೆಂದೂ ಕೇಳಿರದ ನಾದವೊಂದು ಬಿದ್ದಿತು. ಕೆಳಸ್ಥಾಯಿಯಲ್ಲಿ ಕುದುರೆಯ ನಾಗಾಲೋಟದಂತೆ ಮಿಡಿಯುವ ಲಯ. ಅದರ ಮೇಲೆ ದೂರದ ಕತ್ತಲೆಯಿಂದ ಯಾರೋ ಕರೆದಂತೆ ಜಾರಿ ಜಾರಿ ಬರುವ ಸ್ವರ. ಅದು ಪಿಟೀಲೂ ಅಲ್ಲ, ಕೊಳಲೂ ಅಲ್ಲ, ಮನುಷ್ಯನ ಕಂಠವೂ ಅಲ್ಲ.

ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸುವ ವಿಚಿತ್ರ ಪುರುಷನೊಬ್ಬನ ಸಾಹಸಗಳನ್ನು ಹೇಳುವ 'ಡಾಕ್ಟರ್ ಹೂ' ಧಾರಾವಾಹಿಯ ಶೀರ್ಷಿಕೆ ಸಂಗೀತವದು. ಅಂದು ಅದನ್ನು ಕೇಳಿ ಹೆದರಿ ಸೋಫಾದ ಹಿಂದೆ ಅವಿತುಕೊಂಡ ಮಕ್ಕಳು ಇಂದು ಅಜ್ಜ ಅಜ್ಜಿಯರಾಗಿದ್ದಾರೆ. ಆ ನಾದ ಕೇಳಿಬಂದರೆ ಸಾಕು, ಬಾಲ್ಯದ ಶನಿವಾರದ ಸಂಜೆಗಳೆಲ್ಲ ಅವರ ಕಣ್ಣೆದುರು ಬಂದು ನಿಲ್ಲುತ್ತವೆ. ಆದರೆ ಆ ನಾದವನ್ನು ಕೈಯಾರೆ ಕಟ್ಟಿದ ಹೆಣ್ಣುಮಗಳ ಹೆಸರು ದಶಕಗಟ್ಟಲೆ ಅವರಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ.

ಆಕೆಯ ಹೆಸರು ಡೀಲಿಯಾ ಡರ್ಬಿಷೈರ್. ಹುಟ್ಟಿದ್ದು 1937ರಲ್ಲಿ, ಕವೆಂಟ್ರಿ ನಗರದಲ್ಲಿ. ಮೂರು ವರ್ಷದ ಮಗುವಾಗಿದ್ದಾಗ, 1940ರ ನವೆಂಬರ್ 14ರ ರಾತ್ರಿ, ಜರ್ಮನ್ ವಿಮಾನಗಳು ಆ ಊರನ್ನು ಬಾಂಬುಗಳಿಂದ ಸುಟ್ಟು ಬೂದಿಮಾಡಿದವು. ಅಪಾಯವನ್ನು ಸಾರಲು ಏರಿಳಿದು ಕೂಗುವ ಸೈರನ್, ಅಪಾಯ ಕಳೆಯಿತೆಂದು ಒಂದೇ ಶ್ರುತಿಯಲ್ಲಿ ಮೊಳಗುವ ಸೈರನ್: ಇವೇ ತನ್ನ ಪಾಲಿನ ಮೊದಲ ವಿದ್ಯುತ್ ಸಂಗೀತವೆಂದು ಆಕೆ ಮುಂದೆ ನೆನೆದುಕೊಂಡದ್ದುಂಟು. ಸಾಧಾರಣ ಕುಟುಂಬದ ಈ ಹುಡುಗಿ ಕೇಂಬ್ರಿಜ್ಜಿನ ಗರ್ಟನ್ ಕಾಲೇಜನ್ನು ಸೇರಿ ಗಣಿತವನ್ನೂ ಸಂಗೀತವನ್ನೂ ಅಭ್ಯಾಸಮಾಡಿ ಪದವೀಧರೆಯಾದಳು. 1959ರಲ್ಲಿ ಹೆಸರಾಂತ ಗ್ರಾಮಫೋನ್ ಕಂಪೆನಿಯೊಂದಕ್ಕೆ ಅರ್ಜಿ ಹಾಕಿದಾಗ ಬಂದ ಉತ್ತರ, ಧ್ವನಿಮುದ್ರಣದ ಕೋಣೆಗಳಲ್ಲಿ ಹೆಂಗಸರಿಗೆ ಕೆಲಸವಿಲ್ಲವೆಂಬುದು. ಮರುವರ್ಷ ಬಿ.ಬಿ.ಸಿ. ಸಂಸ್ಥೆಯನ್ನು ಸೇರಿದ ಆಕೆ, 1962ರಲ್ಲಿ ತಾನಾಗಿ ಕೇಳಿಕೊಂಡು ಅಲ್ಲಿಯ ರೇಡಿಯೊಫೋನಿಕ್ ವರ್ಕ್‌ಷಾಪಿಗೆ ಹೋದಳು.

ಲಂಡನ್ನಿನ ಮೇಡ ವೇಲ್ ಎಂಬಲ್ಲಿ 1958ರಲ್ಲಿ ತೆರೆದಿದ್ದ ಈ ವಿಭಾಗದ ಕೆಲಸ, ನಾಟಕಗಳಿಗೂ ಶಿಕ್ಷಣ ಕಾರ್ಯಕ್ರಮಗಳಿಗೂ ಬೇಕಾದ ವಿಶೇಷ ಧ್ವನಿಗಳನ್ನು ತಯಾರಿಸಿಕೊಡುವುದು. ಇಂದು ಬಾಲಕರೂ ನುಡಿಸುವ ಸಿಂಥೆಸೈಜರ್ ಆಗ ಅಲ್ಲಿರಲಿಲ್ಲ. ಯಂತ್ರಗಳ ಪರೀಕ್ಷೆಗೆಂದು ಇದ್ದ ಆಸಿಲೇಟರುಗಳು, ಟೇಪ್ ರೆಕಾರ್ಡರುಗಳು, ಬ್ಲೇಡು, ಅಂಟುಪಟ್ಟಿ, ಇವೇ ಅಲ್ಲಿಯ ವಾದ್ಯಗಳು.

ಸಂಯೋಜಕ ರಾನ್ ಗ್ರೇನರ್ ಒಂದೇ ಹಾಳೆಯಲ್ಲಿ ರಾಗದ ರೇಖೆಯನ್ನು ಬರೆದು, ಗಾಳಿ, ಗುಳ್ಳೆ, ಮೋಡ ಎಂದು ಕೆಲವು ಸೂಚನೆಗಳನ್ನಷ್ಟೇ ಕೊಟ್ಟು ಹೋಗಿದ್ದರು. ಉಳಿದುದೆಲ್ಲ ಡೀಲಿಯಾಳ ಪಾಲಿಗೆ. ತಂತಿಯೊಂದನ್ನು ಮೀಟಿ ಧ್ವನಿಮುದ್ರಿಸಿ, ಟೇಪಿನ ವೇಗವನ್ನು ಹೆಚ್ಚು ಕಡಿಮೆ ಮಾಡುವ ಮೂಲಕ ಆ ಒಂದೇ ಮೀಟಿನಿಂದ ಬೇರೆ ಬೇರೆ ಸ್ವರಗಳನ್ನು ಪಡೆಯಲಾಯಿತು. ವೇಗ ಇಮ್ಮಡಿಯಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಅರ್ಧವಾದರೆ ಒಂದು ಸ್ಥಾಯಿ ಇಳಿಯುತ್ತದೆ. ನಮ್ಮ ವೈಣಿಕರ ಜಾರುವಿನಂತೆ ಕೇಳುವ ಆ ಮೇಲಿನ ಸ್ವರ, ಆಸಿಲೇಟರಿನ ಗುಂಡಿಯನ್ನು ಕೈಯಿಂದ ಮೆಲ್ಲನೆ ತಿರುಗಿಸಿ ತೆಗೆದದ್ದು. ಗಾಳಿಯ ಸುಯ್ಲಿಗೆ, ರೇಡಿಯೊ ಠಾಣೆ ಸಿಗದಾಗ ಕೇಳುವಂಥ ಬರಿಯ ಗರಗರ ಶಬ್ದವನ್ನೇ ಸೋಸಿ ಬಳಸಿಕೊಳ್ಳಲಾಯಿತು.

ಸೆಕೆಂಡಿಗೆ 15 ಅಂಗುಲ ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಸ್ವರವೆಂದರೆ ಏಳೂವರೆ ಅಂಗುಲದ ತುಣುಕು. ಹೀಗೆ ಅಳೆದು, ಕತ್ತರಿಸಿ, ಹೂ ಕಟ್ಟುವವರು ಒಂದೊಂದೇ ಮೊಗ್ಗನ್ನು ಮಾಲೆಗೆ ಸೇರಿಸುವಂತೆ ಸ್ವರಕ್ಕೆ ಸ್ವರವನ್ನು ಅಂಟಿಸಬೇಕಾಗಿತ್ತು. ಹಲವು ಪದರಗಳನ್ನು ಒಂದೇ ಟೇಪಿನ ಮೇಲೆ ಬೇರೆ ಬೇರೆಯಾಗಿ ಮುದ್ರಿಸುವ ಅನುಕೂಲ ಅಲ್ಲಿರಲಿಲ್ಲವಾದ್ದರಿಂದ, ಒಂದೊಂದು ಯಂತ್ರದ ಮೇಲೆ ಒಂದೊಂದು ಪದರವನ್ನು ಹೂಡಿ ಎಲ್ಲವನ್ನೂ ಒಂದೇ ಗಳಿಗೆಯಲ್ಲಿ ಚಾಲೂ ಮಾಡಬೇಕಿತ್ತು. ಒಮ್ಮೆ ಎಲ್ಲಿಯೋ ಒಂದು ಸ್ವರ ತಪ್ಪಿತು. ಎಲ್ಲಿ ಎಂದು ಗೊತ್ತಾಗದೆ, ಡೀಲಿಯಾಳೂ ಆಕೆಯ ಸಹಾಯಕ ಡಿಕ್ ಮಿಲ್ಸರೂ ಟೇಪುಗಳನ್ನು ಉದ್ದನೆಯ ಹಜಾರದಲ್ಲಿ ಒಂದರ ಪಕ್ಕ ಒಂದು ಬಿಚ್ಚಿ ಹಾಸಿ, ಅಂಟುಗಳನ್ನು ಹೋಲಿಸುತ್ತ ನಡೆದರಂತೆ. ಒಂದು ಕಡೆ ಅಂಟಿಗೆ ಅಂಟು ನೇರಕ್ಕೆ ಬರಲಿಲ್ಲ. ತಪ್ಪು ಸಿಕ್ಕಿತು.

ಸಿದ್ಧವಾದ ಸಂಗೀತವನ್ನು ಕೇಳಿದ ಗ್ರೇನರ್ ಬೆರಗಾಗಿ, ಇದನ್ನು ತಾನೇ ಬರೆದೆನೇ ಎಂದು ಕೇಳಿದರಂತೆ. ಹೆಚ್ಚಿನದು ನಿಮ್ಮದೇ ಎಂದು ಡೀಲಿಯಾ ನಕ್ಕು ಉತ್ತರಿಸಿದಳಂತೆ. ಗ್ರೇನರ್ ದೊಡ್ಡ ಮನಸ್ಸಿನವರು. ಸಂಯೋಜನೆಯ ಗೌರವದಲ್ಲಿ ಆಕೆಗೂ ಪಾಲು ಸಿಗಲೆಂದು ಅವರು ಬಯಸಿದರು. ಆದರೆ ವಿಭಾಗದ ನೌಕರರು ಅನಾಮಧೇಯರಾಗಿಯೇ ಇರಬೇಕೆಂಬುದು ಸಂಸ್ಥೆಯ ಕಟ್ಟಳೆ. ಪರದೆಯ ಮೇಲೆ ಗ್ರೇನರರ ಹೆಸರು ಬಂದಿತು, ವರ್ಕ್‌ಷಾಪಿನ ಹೆಸರು ಬಂದಿತು. ಡೀಲಿಯಾಳ ಹೆಸರು ಬರಲಿಲ್ಲ. ಗೌರವಧನದ ಪಾಲೂ ಬರಲಿಲ್ಲ. ತಿಂಗಳ ಸಂಬಳ ಮಾತ್ರ ಬಂದಿತು.

1973ರಲ್ಲಿ ಆಕೆ ಬಿ.ಬಿ.ಸಿ.ಯನ್ನು ಬಿಟ್ಟಳು. ಅನಂತರ ಅನಿಲದ ಕೊಳವೆಮಾರ್ಗ ಹಾಕುವ ಕೆಲಸದಲ್ಲಿ ರೇಡಿಯೊ ಆಪರೇಟರಳಾಗಿ, ಕಲಾ ಗ್ಯಾಲರಿಯಲ್ಲಿ, ಪುಸ್ತಕದಂಗಡಿಯಲ್ಲಿ ದುಡಿದಳು. ಸಂಗೀತದಿಂದ ಬಹುಕಾಲ ದೂರವೇ ಉಳಿದಳು. 1990ರ ದಶಕದ ಕೊನೆಗೆ ಹೊಸ ತಲೆಮಾರಿನ ಸಂಗೀತಗಾರರು ಆಕೆಯನ್ನು ಹುಡುಕಿಕೊಂಡು ಬಂದಾಗ ಹಳೆಯ ಉತ್ಸಾಹ ಮತ್ತೆ ಚಿಗುರಿತ್ತು. ಆದರೆ 2001ರ ಜುಲೈ 3ರಂದು, ತನ್ನ 64ನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು. ಮನೆಯ ಅಟ್ಟದಲ್ಲಿ 267 ಟೇಪಿನ ಸುರುಳಿಗಳು ದೊರೆತವು. ಅವು ಈಗ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಆಶ್ರಯವನ್ನು ಕಂಡಿವೆ.

ನಿಯಮವನ್ನು ಮಾಡಿದವರಿಗೆ ಆಕೆಯ ಮೇಲೆ ದ್ವೇಷವೇನೂ ಇರಲಿಲ್ಲ. ಎಲ್ಲ ನೌಕರರಿಗೂ ಒಂದೇ ನಿಯಮವೆಂಬ ಸಮಾಧಾನ ಅವರಿಗಿತ್ತು. ಆದರೆ ಎಲ್ಲರಿಗೂ ಸಮನಾಗಿ ಮಾಡಿದ ಮಾತ್ರಕ್ಕೆ ಅನ್ಯಾಯವು ನ್ಯಾಯವಾಗುವುದಿಲ್ಲವಷ್ಟೆ. 2013ರ ನವೆಂಬರ್ 23ರಂದು 'ಡಾಕ್ಟರ್ ಹೂ' ಧಾರಾವಾಹಿಗೆ ಐವತ್ತು ತುಂಬಿತು. ಅಂದಿನ ವಿಶೇಷ ಕಥೆಯ ಕೊನೆಯಲ್ಲಿ, ಶೀರ್ಷಿಕೆ ಸಂಗೀತಕ್ಕಾಗಿ ಡೀಲಿಯಾ ಡರ್ಬಿಷೈರ್ ಎಂಬ ಹೆಸರು ಮೊದಲ ಬಾರಿ ಪರದೆಯ ಮೇಲೆ ಮೂಡಿತು. ಅದನ್ನು ನೋಡಲು ಆಕೆ ಇರಲಿಲ್ಲ. ಆಕೆ ಅಳೆದು, ಕತ್ತರಿಸಿ, ಅಂಟಿಸಿದ ನಾದವು ಮಾತ್ರ, ಒಮ್ಮೆ ಸೋಫಾದ ಹಿಂದೆ ಅವಿತಿದ್ದ ಆ ಮಕ್ಕಳ ಕಿವಿಯಲ್ಲಿ ಇಂದಿಗೂ ಮೊಳಗುತ್ತಿದೆ.