ಮೂಗಿಗೆ ತುಪ್ಪ ಸವರೋ ಒಂದು ವರ್ಷ

ಜನವರಿ ಕೊನೇಲಿ ಚಿಕ್ಕಪ್ಪನ ಮಗಳು ಫೋನ್ ಮಾಡಿ "ಅಣ್ಣಾ, ಮ್ಯಾಚ್ ಆಗ್ಲಿಲ್ಲ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿದವಳು ಅವಳು. ಆ ಡಿಗ್ರಿ ಇಲ್ಲಿ ಅಮೆರಿಕದಲ್ಲಿ ಸಾಲದು ಅಂತ ಮತ್ತೆ ಕಾಲೇಜು ಸೇರಿ ಡಿಡಿಎಸ್ ಓದ್ತಿದಾಳೆ. ಬೇಕಿರೋದು ಓರಲ್ ಸರ್ಜರಿ. ಹಲ್ಲು ಕೀಳೋದಷ್ಟೇ ಅಲ್ಲ, ಅಪಘಾತದಲ್ಲಿ ಮುರಿದ ದವಡೆ ಕೂಡಿಸೋ ವಿದ್ಯೆ. ಇಲ್ಲಿ ಅದಕ್ಕೆ 4 ವರ್ಷದ ರೆಸಿಡೆನ್ಸಿ, ಎಂಡಿ ಪದವಿಯೂ ಸೇರಿದರೆ 6.

ಸೀಟು ಸಿಗದವರಿಗೆ ಎಲ್ಲರೂ ಕೊಡೋ ಸಲಹೆ ಒಂದೇ: "ಒಂದು ವರ್ಷ ನಾನ್-ಕ್ಯಾಟಗಾರಿಕಲ್ ಇಂಟರ್ನ್‌ಶಿಪ್ ಮಾಡು, ಮುಂದಿನ ಸಲ ಸಿಕ್ಕೇ ಸಿಗುತ್ತೆ." ಅಂದ್ರೆ ಆಸ್ಪತ್ರೆಯ ಸರ್ಜರಿ ವಿಭಾಗದಲ್ಲಿ ಒಂದು ವರ್ಷದ ದುಡಿಮೆ. ರಾತ್ರಿ ಡ್ಯೂಟಿ, ಎಮರ್ಜೆನ್ಸಿ, ವಾರ್ಡು ಎಲ್ಲಾ ಇರುತ್ತೆ. ಕೊನೆಗೆ ಸೀಟಿನ ಭರವಸೆ ಮಾತ್ರ ಇರಲ್ಲ. ಸಾಮಾನ್ಯವಾಗಿ ಆ ವರ್ಷ ರೆಸಿಡೆನ್ಸಿಯ ಲೆಕ್ಕಕ್ಕೂ ಬರಲ್ಲ. "ಕಾಂಟ್ರಾಕ್ಟ್ ಮೇಲೆ ಸೇರಿಕೋ, ಚೆನ್ನಾಗಿ ಮಾಡಿದ್ರೆ ಪರ್ಮನೆಂಟ್" ಅಂತ ನಮ್ಮ ಸಾಫ್ಟ್‌ವೇರಿನಲ್ಲೂ ಕೇಳಿದೀವಲ್ಲ, ಅದೇ ರಾಗ :)

ಇಂಟರ್ನ್‌ಶಿಪ್ ಬೇಡ ಅಂತಲ್ಲ ನನ್ನ ವಾದ. "ಸಿಕ್ಕೇ ಸಿಗುತ್ತೆ" ಅನ್ನೋ ಮಾತಿಗೆ ನನ್ನ ತಕರಾರು.

ಮೊದಲು ಕ್ಯಾಲೆಂಡರ್ ನೋಡಿ. ಇಂಟರ್ನ್‌ಶಿಪ್ ಶುರುವಾಗೋದು ಜುಲೈನಲ್ಲಿ. ರೆಸಿಡೆನ್ಸಿ ಅರ್ಜಿಗೆ ಬಹಳ ಕಡೆ ಸೆಪ್ಟೆಂಬರ್ ಆಸುಪಾಸು ಕೊನೆ ದಿನ. ಅಂದಮೇಲೆ ನಿಮಗೆ ಶಿಫಾರಸು ಪತ್ರ ಬರೆಯೋ ಸರ್ಜನ್ ನಿಮ್ಮನ್ನು ನೋಡಿರೋದು ಎಂಟು ಹತ್ತು ವಾರ ಅಷ್ಟೇ. ಆಮೇಲಿನ ಬೆವರು ಅರ್ಜಿಯ ಕಾಗದಕ್ಕೆ ಬರೋದೇ ಇಲ್ಲ. ಸಂದರ್ಶನಕ್ಕೆ ಊರೂರು ಸುತ್ತೋಕೆ ರಜೆಯನ್ನೂ ಅವರ ಹತ್ತಿರಾನೇ ಬೇಡಬೇಕು.

ಎರಡನೇದು, ಯಾಕೆ ಸಿಗಲಿಲ್ಲ ಅನ್ನೋದನ್ನೇ ಯಾರೂ ಕೇಳಲ್ಲ. 2012ರಲ್ಲಿ ಡೆಂಟಲ್ ಬೋರ್ಡ್ ಪರೀಕ್ಷೆಯನ್ನು ಬರೀ ಪಾಸ್-ಫೇಲ್ ಮಾಡಿದ ಮೇಲೆ, ಓರಲ್ ಸರ್ಜರಿಯವರು ಸಿಬಿಎಸ್‌ಇ ಅಂಕ ನೋಡ್ತಾರೆ. (ನಮ್ಮ ಸ್ಕೂಲಿನ ಸಿಬಿಎಸ್‌ಇ ಅಲ್ಲ, ವೈದ್ಯಕೀಯದ ಮೂಲ ವಿಷಯಗಳ ಪರೀಕ್ಷೆ.) ಅದರಲ್ಲಿ ಅಂಕ ಕಡಿಮೆ ಇದ್ರೆ ಇಂಟರ್ನ್‌ಶಿಪ್ಪು ಅದನ್ನು ಏರಿಸಲ್ಲ. ರಾತ್ರಿಯೆಲ್ಲ ಡ್ಯೂಟಿ ಮಾಡಿ ಬಂದು ಬಯೋಕೆಮಿಸ್ಟ್ರಿ ಓದೋರು ಯಾರು? ಅಂಥವರು ಹಗಲು ಕ್ಲಿನಿಕ್ಕಿನಲ್ಲಿ ಕೆಲಸ ಮಾಡ್ಕೊಂಡು ಸಂಜೆ ಓದೋದೇ ಮೇಲು. ಅಂಕ ಇದ್ದು, ಗುರುತು ಪರಿಚಯ ಇಲ್ಲದವರಿಗೆ ಮಾತ್ರ ಇದು ಸರಿಯಾದ ಮದ್ದು. ರಾತ್ರಿ ಎರಡು ಗಂಟೆಗೆ ನೀವು ಹೊಲಿಗೆ ಹಾಕಿದ್ದನ್ನು ಕಣ್ಣಾರೆ ಕಂಡವರ ಒಂದು ಮಾತಿಗೆ ತೂಕ ಇದೆ. ಕೆಲವು ಕಡೆ ತಮ್ಮ ಇಂಟರ್ನನ್ನೇ ರೆಸಿಡೆಂಟ್ ಆಗಿ ತಗೊಳ್ಳೋದೂ ಉಂಟು.

ಮೂರನೇದು ನಮ್ಮಂಥವರ ತಾಪತ್ರಯ. ಎಫ್-1 ವೀಸಾದಲ್ಲಿ ಓದು ಮುಗಿಸಿದವರಿಗೆ ಕೆಲಸಕ್ಕೆ ಸಿಗೋ ಒಪಿಟಿ 12 ತಿಂಗಳು. ನಮಗೆ ಸಾಫ್ಟ್‌ವೇರಿನವರಿಗೆ ಸಿಗೋ ಹೆಚ್ಚುವರಿ 24 ತಿಂಗಳು ಡಿಡಿಎಸ್‌ನವರಿಗಿಲ್ಲ. ಅಲ್ಲಿಗೆ ಇಂಟರ್ನ್‌ಶಿಪ್ ಆ ಇಡೀ ವರ್ಷಾನ ನುಂಗಿ ನೀರು ಕುಡಿಯುತ್ತೆ. ಸಲಹೆ ಕೊಡೋ ಅಮೆರಿಕನ್ ಗೆಳೆಯರಿಗೆ ಈ ಲೆಕ್ಕ ತಲೆಗೇ ಹೋಗಲ್ಲ.

ಹಾಗಾಗಿ ನನ್ನ ಬೇಡಿಕೆ ಒಂದೇ. ಇಂಟರ್ನ್‌ಗಳನ್ನು ತಗೊಳ್ಳೋ ಪ್ರತಿ ಆಸ್ಪತ್ರೆಯೂ, ಕಳೆದ ಐದು ವರ್ಷದಲ್ಲಿ ಎಷ್ಟು ಇಂಟರ್ನ್‌ಗಳಿದ್ದರು, ಅದರಲ್ಲಿ ಎಷ್ಟು ಜನಕ್ಕೆ ಸೀಟು ಸಿಕ್ಕಿತು ಅಂತ ಬರೆದು ಹಾಕಲಿ. ಎರಡೇ ಅಂಕಿ! ಅದನ್ನೂ ಹೇಳದೆ ವರ್ಷವಿಡೀ ದುಡಿಸಿಕೊಳ್ಳೋದಕ್ಕೆ ತರಬೇತಿ ಅನ್ನಬೇಡಿ.

ತಂಗಿಯ ಅಂಕ ಪರವಾಗಿಲ್ಲ, ಅವಳನ್ನು ಬಲ್ಲ ಸರ್ಜನ್‌ಗಳೇ ಕಮ್ಮಿ. ಎರಡು ಕಡೆ ಕರೆದಿದ್ದರು. ಎರಡೂ ಕಡೆ ಈ ಪ್ರಶ್ನೆ ಕೇಳು ಅಂದೆ. ದೊಡ್ಡ ಹೆಸರಿನ ಕಡೆಯಿಂದ ಬಂದ ಉತ್ತರ: "ಅದೆಲ್ಲಾ ನಿಮ್ಮ ಶ್ರಮದ ಮೇಲೆ." ಇನ್ನೊಂದು ಕಡೆಯವರು ಲೆಕ್ಕ ಕೊಟ್ಟರು, ಜೊತೆಗೆ ಹಿಂದಿನ ವರ್ಷದ ಇಂಟರ್ನ್ ಒಬ್ಬರ ಫೋನ್ ನಂಬರನ್ನೂ. ಅಲ್ಲಿ ಸಂಬಳ ಕಡಿಮೆ, ಚಳಿ ಜಾಸ್ತಿ. ಅಲ್ಲಿಗೇ ಸಹಿ ಹಾಕಿದಳು.

ಸೀಟು ಸಿಗುತ್ತೋ ಇಲ್ವೋ, ಮೋಸ ಹೋದೆ ಅಂತ ಮಾತ್ರ ಅವಳು ಅನ್ನಬೇಕಾಗಿಲ್ಲ. ನಿಮ್ಮ ಮನೆಯಲ್ಲೂ ಈ ದಾರೀಲಿ ಇರೋರು ಇದ್ರೆ, "ಸಿಕ್ಕೇ ಸಿಗುತ್ತೆ" ಅನ್ನೋಕೆ ಮುಂಚೆ ಆ ಎರಡು ಅಂಕಿ ಕೇಳೋಕೆ ಹೇಳಿ ಮಾರಾಯ್ರೇ.