ಏಳು ಹೆಣ, ಕೊಲೆಗಾರರಿಲ್ಲ!

ಕಪ್ಪು ಜನರನ್ನೂ ಯಹೂದಿಗಳನ್ನೂ ದ್ವೇಷಿಸಿ 1977ರಿಂದ 1980ರವರೆಗೆ ಊರೂರು ಅಲೆದು ಗುಂಡಿಟ್ಟು ಕೊಂದ ಜೋಸೆಫ್ ಪಾಲ್ ಫ್ರಾಂಕ್ಲಿನ್‌ನನ್ನು ಅಮೆರಿಕದ ಮಿಸೌರಿ ರಾಜ್ಯ 2013ರಲ್ಲಿ ಮರಣದಂಡನೆಗೆ ಗುರಿಪಡಿಸಿತು. ಆಲ್ಕೊಳದ ಹೋಟೆಲಿನಲ್ಲಿ ಕುಳಿತು ಅವನನ್ನು ರಾಕ್ಷಸನೆಂದು ಜರೆಯುವುದು ಸುಲಭ. ನಮ್ಮ ನಾಡಿನಲ್ಲಿ ಆದುದೇನು?

ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಒಂಟಿ ಕೊಲೆಗಾರನನ್ನು ಕಾನೂನು ಹಿಡಿದೀತು. ಜಾತಿಯ ದ್ವೇಷಕ್ಕೆ ಊರೇ ಬಾಯಿ ಮುಚ್ಚಿದರೆ ಏನು ಮಾಡೀತು? ಕೂಲಿಗೂ ಸಾಲಕ್ಕೂ ಬಲಾಢ್ಯರ ಬಾಗಿಲು ಕಾಯುವ ಬಡವ ಕಟಕಟೆಯಲ್ಲಿ ನಿಜ ನುಡಿಯಬೇಕಾದರೆ ಅವನಿಗೆ ಸ್ವಂತ ಭೂಮಿ ಬೇಕು, ಸರ್ಕಾರದ ರಕ್ಷಣೆ ಬೇಕು. ಅದನ್ನು ಕೊಡದೆ ನ್ಯಾಯದ ಮಾತಾಡುವುದು ವಂಚನೆಯೆಂದೇ ನಾವು ಹೇಳುತ್ತೇವೆ.