ಸಂಶೋಧನಾ ಅನುದಾನ: ಸ್ವತಂತ್ರ ವಿದ್ವಾಂಸರಿಗೆ ಬೇಕಿರುವುದು ಒಂದು ವಿಳಾಸ

2025-26ರ ಕೇಂದ್ರ ಮುಂಗಡಪತ್ರದಲ್ಲಿ ‘ಜ್ಞಾನ ಭಾರತಂ’ ಯೋಜನೆಯನ್ನು ಪ್ರಕಟಿಸಲಾಯಿತು. ದೇಶದ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ ಮತ್ತು ಸಂರಕ್ಷಣೆ ಇದರ ಗುರಿ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನಕ್ಕೆ ಸಿಗುತ್ತಿದ್ದ ಹಣವನ್ನು 3.5 ಕೋಟಿ ರೂಪಾಯಿಯಿಂದ 60 ಕೋಟಿ ರೂಪಾಯಿಗೆ ಏರಿಸಲಾಯಿತು. ಇದಕ್ಕೂ ಕೆಲವು ತಿಂಗಳ ಹಿಂದೆ, 2024ರ ಅಕ್ಟೋಬರ್ 3ರಂದು, ಕೇಂದ್ರ ಸಚಿವ ಸಂಪುಟವು ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ನೀಡಿತ್ತು. ಕನ್ನಡಕ್ಕೆ ಈ ಸ್ಥಾನ 2008ರಲ್ಲೇ ದೊರೆತಿದೆ. ಜೈನ ಆಗಮಗಳ ಭಾಷೆ ಪ್ರಾಕೃತ. ದಕ್ಷಿಣದಲ್ಲಿ ಅವುಗಳಲ್ಲಿ ಬಹಳಷ್ಟು ಉಳಿದುಬಂದದ್ದು ಕನ್ನಡ ಲಿಪಿಯ ತಾಳೆಗರಿಗಳಲ್ಲಿ. ಹೀಗಾಗಿ ಎರಡೂ ನಿರ್ಧಾರಗಳು ಜೈನ ಸಮಾಜಕ್ಕೆ ನೇರವಾಗಿ ಸಂಬಂಧಿಸಿದವು.

ಹಣ ಬಂದಿದೆ, ಮಾನ್ಯತೆಯೂ ಬಂದಿದೆ. ಆದರೆ ಈ ಗರಿಗಳನ್ನು ಓದಬಲ್ಲವರ ಕೈಗೆ ಆ ಹಣ ಎಷ್ಟರಮಟ್ಟಿಗೆ ತಲುಪುತ್ತದೆ ಎಂಬುದು ಈಗ ಯೋಚಿಸಬೇಕಾದ ವಿಷಯ.

ಓದುವವರು ಎಲ್ಲಿದ್ದಾರೆ?

ಮೂಡಬಿದಿರೆಯಲ್ಲಿರುವ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಸುಮಾರು ಹನ್ನೆರಡನೆಯ ಶತಮಾನದವು. ಅದರ ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಇಂತಹ ಒಂದು ಕಟ್ಟನ್ನು ಬಿಚ್ಚಿ ಓದಲು ಎರಡು ಭಾಷೆ, ಒಂದು ಹಳೆಯ ಲಿಪಿ, ಜೊತೆಗೆ ಕರ್ಮಸಿದ್ಧಾಂತದ ಪರಿಭಾಷೆ ಎಲ್ಲವೂ ಒಬ್ಬರಲ್ಲೇ ಕೂಡಿರಬೇಕು. ವಿಶ್ವವಿದ್ಯಾಲಯಗಳಲ್ಲಿ ಇಂಥವರು ಕಡಿಮೆ. ನಿವೃತ್ತ ಶಾಲಾ ಶಿಕ್ಷಕರು, ಬಸದಿಯ ಪುರೋಹಿತರು, ಗುರುಕುಲದಲ್ಲಿ ಕಲಿತ ಪಂಡಿತರು, ಮನೆವಾರ್ತೆಯ ನಡುವೆ ಪ್ರಾಕೃತ ಪರೀಕ್ಷೆಗಳನ್ನು ಮುಗಿಸಿದ ಶ್ರಾವಿಕೆಯರು ಈ ವಿದ್ಯೆಯನ್ನು ಉಳಿಸಿಕೊಂಡಿದ್ದಾರೆ. ಮುನಿಗಳು ಮತ್ತು ಆರ್ಯಿಕೆಯರಲ್ಲಿಯೂ ದೊಡ್ಡ ವಿದ್ವಾಂಸರಿದ್ದಾರೆ. ಆದರೆ ಅಪರಿಗ್ರಹ ಮಹಾವ್ರತಿಗಳಿಗೆ ಬ್ಯಾಂಕ್ ಖಾತೆಯೂ ಇಲ್ಲ, ಅನುದಾನದ ಅರ್ಜಿಯೂ ಸಲ್ಲ. ಅವರ ಮಾರ್ಗದರ್ಶನದಲ್ಲಿ ಕೆಲಸ ಮಾಡುವ ಗೃಹಸ್ಥರೇ ಅರ್ಜಿ ಹಾಕಬೇಕಾಗುತ್ತದೆ.

ಕಾಲೇಜಿನ ಹುದ್ದೆಯಾಗಲಿ, ಸಂಶೋಧನಾ ಸಂಸ್ಥೆಯ ನೌಕರಿಯಾಗಲಿ ಇಲ್ಲದೆ ಅಧ್ಯಯನ ನಡೆಸುವ ಇಂಥವರನ್ನು ‘ಸ್ವತಂತ್ರ ವಿದ್ವಾಂಸರು’ ಎನ್ನುತ್ತಾರೆ. ಸರ್ಕಾರದ ಬಾಗಿಲಲ್ಲಿ ಅವರಿಗೆ ಎದುರಾಗುವ ಮೊದಲ ಪ್ರಶ್ನೆ: ‘ನೀವು ಯಾವ ಸಂಸ್ಥೆಯವರು?’

ನಿಯಮ ಮತ್ತು ರೂಢಿ

ಕೇಂದ್ರ ಸರ್ಕಾರದ ಹಣ ವಿತರಣೆಗೆ ಆಧಾರವಾಗಿರುವುದು 2017ರ ಸಾಮಾನ್ಯ ಹಣಕಾಸು ನಿಯಮಗಳು. ಈ ನಿಯಮಗಳ ಪ್ರಕಾರ ಸಹಾಯಧನವನ್ನು ಸಂಸ್ಥೆಗಳಿಗೆ ಮಾತ್ರವಲ್ಲ, ವ್ಯಕ್ತಿಗಳಿಗೂ ನೀಡಬಹುದು. ಅಂದರೆ ಸ್ವತಂತ್ರ ವಿದ್ವಾಂಸರನ್ನು ಹೊರಗಿಡಬೇಕೆಂದು ಮೂಲ ನಿಯಮ ಹೇಳುವುದಿಲ್ಲ. ತಡೆ ಇರುವುದು ಒಂದೊಂದು ಯೋಜನೆಯೂ ಹಾಕಿಕೊಂಡಿರುವ ಷರತ್ತುಗಳಲ್ಲಿ.

ಷರತ್ತಿಗೆ ಕಾರಣವೂ ಇದೆ. ಹಣ ಕೊಟ್ಟ ಇಲಾಖೆ ಅದು ಸರಿಯಾಗಿ ಬಳಕೆಯಾಯಿತೆಂದು ಲೆಕ್ಕಪರಿಶೋಧಕರಿಗೆ ತೋರಿಸಬೇಕು. ಅದಕ್ಕೆ ಬಳಕೆ ಪ್ರಮಾಣಪತ್ರ, ಲೆಕ್ಕಪರಿಶೋಧನೆಯಾದ ಖರ್ಚಿನ ಪಟ್ಟಿ, ಮುಂದೆಯೂ ಉತ್ತರ ಕೊಡಬಲ್ಲ ಒಂದು ಕಚೇರಿ ಬೇಕು. ಒಬ್ಬ ವ್ಯಕ್ತಿಯ ಬಳಿ ಇವೆಲ್ಲ ಇರುವುದಿಲ್ಲವೆಂದು ಇಲಾಖೆಗಳು ಭಾವಿಸುತ್ತವೆ. ಆದ್ದರಿಂದ ಯೋಜನಾ ಅನುದಾನಗಳು ಬಹುತೇಕ ಸಂಸ್ಥೆಗಳ ಪಾಲಾಗುತ್ತವೆ. ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯದ ನೆರವಿನ ಜೈನ ಅಧ್ಯಯನ ಯೋಜನೆಗಳು ಇಂದೋರಿನ ದೇವಿ ಅಹಲ್ಯಾ ವಿಶ್ವವಿದ್ಯಾಲಯ ಮತ್ತು ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯಗಳಿಗೆ ಮಂಜೂರಾದವು. ಜ್ಞಾನ ಭಾರತಂ ಕೂಡ ‘ಕ್ಲಸ್ಟರ್ ಕೇಂದ್ರ’ ಮತ್ತು ‘ಸ್ವತಂತ್ರ ಕೇಂದ್ರ’ ಎಂಬ ಹೆಸರಿನಲ್ಲಿ ಒಪ್ಪಂದ ಮಾಡಿಕೊಳ್ಳುತ್ತಿರುವುದು ಸಂಸ್ಥೆಗಳೊಂದಿಗೆ. ಅಲ್ಲಿ ‘ಸ್ವತಂತ್ರ’ ಎಂಬ ವಿಶೇಷಣ ಕೇಂದ್ರಕ್ಕೆ ಸೇರಿದ್ದು, ವಿದ್ವಾಂಸನಿಗಲ್ಲ.

ವ್ಯಕ್ತಿಗೆ ತೆರೆದಿರುವ ದಾರಿಗಳು

ಹಾಗೆಂದು ದಾರಿ ಪೂರ್ತಿ ಮುಚ್ಚಿಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯದ ಹಿರಿಯ ಮತ್ತು ಕಿರಿಯ ಫೆಲೋಶಿಪ್‌ಗಳು ವ್ಯಕ್ತಿಗೇ ಸಿಗುತ್ತವೆ. ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ, ಅಂದರೆ ಸಿಸಿಆರ್‌ಟಿ, ಇದನ್ನು ನಡೆಸುತ್ತದೆ. 25ರಿಂದ 40 ವರ್ಷದವರಿಗೆ ಕಿರಿಯ ಫೆಲೋಶಿಪ್, ತಿಂಗಳಿಗೆ 10,000 ರೂಪಾಯಿ. ಅದಕ್ಕೂ ಹೆಚ್ಚು ವಯಸ್ಸಿನವರಿಗೆ ಹಿರಿಯ ಫೆಲೋಶಿಪ್, ತಿಂಗಳಿಗೆ 20,000 ರೂಪಾಯಿ. ಅವಧಿ ಎರಡು ವರ್ಷ. ಪದವೀಧರರಾಗಿದ್ದರೆ ಸಾಕು, ಪಿಎಚ್‌.ಡಿ. ಬೇಕೆಂದಿಲ್ಲ. ಎರಡು ವರ್ಷಕ್ಕೆ ಹಿರಿಯರಿಗೆ ಒಟ್ಟು 4.8 ಲಕ್ಷ ರೂಪಾಯಿ. ದೊಡ್ಡ ಮೊತ್ತವೇನಲ್ಲ. ಆದರೂ ಒಂದು ಸಣ್ಣ ಭಂಡಾರದ ಗ್ರಂಥಗಳಿಗೆ ವಿವರಣಾತ್ಮಕ ಸೂಚಿ ತಯಾರಿಸುವ ನಿವೃತ್ತ ಶಿಕ್ಷಕರಿಗೆ ಓಡಾಟ, ಛಾಯಾಚಿತ್ರ, ಟೈಪಿಂಗ್ ಖರ್ಚು ಇದರಲ್ಲಿ ನಿಭಾಯಿಸಬಹುದು.

ಟಾಗೋರ್ ರಾಷ್ಟ್ರೀಯ ಫೆಲೋಶಿಪ್‌ನ ಮೊತ್ತ ಇದಕ್ಕಿಂತ ದೊಡ್ಡದು: ತಿಂಗಳಿಗೆ 80,000 ರೂಪಾಯಿ, ಇದೇ ಯೋಜನೆಯ ಸಂಶೋಧನಾ ವಿದ್ವಾಂಸರಿಗೆ 50,000 ರೂಪಾಯಿ. ಆದರೆ ಅದರ ಉದ್ದೇಶವೇ ವಿದ್ವಾಂಸರನ್ನು ಯೋಜನೆಯಲ್ಲಿ ಸೇರಿರುವ ವಸ್ತುಸಂಗ್ರಹಾಲಯ, ಗ್ರಂಥಾಲಯ ಮತ್ತು ಇತರ ಸಾಂಸ್ಕೃತಿಕ ಸಂಸ್ಥೆಗಳತ್ತ ಸೆಳೆಯುವುದು. ಸಂಶೋಧನೆ ಆಯಾ ಸಂಸ್ಥೆಯ ಸಂಗ್ರಹವನ್ನು ಆಧರಿಸಿರಬೇಕು. ಊರ ಬಸದಿಯ ಕಪಾಟಿನಲ್ಲಿರುವ ಓಲೆಗರಿಗಳು ಈ ಚೌಕಟ್ಟಿನೊಳಗೆ ಬರುವುದು ಕಷ್ಟ.

ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಪರಿಷತ್ತಿನ ಫೆಲೋಶಿಪ್‌ಗೆ ಮಾನ್ಯತೆ ಪಡೆದ ಸಂಸ್ಥೆಯೊಂದರ ಸಂಯೋಜನೆ ಬೇಕು. ಹಣ ಬರುವುದೂ ಅದರ ಮೂಲಕವೇ. ವಿದ್ವಾಂಸರ ಯೋಗ್ಯತೆ ಎಷ್ಟೇ ಇರಲಿ, ಒಪ್ಪಿಗೆ ಪತ್ರ ಕೊಡುವ ಸಂಸ್ಥೆ ಇಲ್ಲದಿದ್ದರೆ ಅರ್ಜಿ ಅಪೂರ್ಣ.

ಹಿಂದೆ ಕೆಲಸ ಹೇಗೆ ನಡೆಯಿತು?

ಧವಲಾ ಗ್ರಂಥ ಅಚ್ಚಿಗೆ ಬಂದ ಬಗೆಯನ್ನು ಇಲ್ಲಿ ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೂಡಬಿದಿರೆಯ ಗರಿಗಳ ನಕಲು ಕಾರ್ಯ ಆರಂಭವಾದಾಗ ಅದಕ್ಕೆ ಹಣ ಕೂಡಿಸಿದವರು ಸೊಲ್ಲಾಪುರ, ಮುಂಬಯಿ ಕಡೆಯ ಶ್ರಾವಕರು. ನಕಲಿಗೆ ಕುಳಿತವರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ, ಮೀರಜ್‌ನ ಗಜಪತಿ ಉಪಾಧ್ಯಾಯರಂತಹ ಪಂಡಿತರು. ಮುಂದೆ 1939ರಿಂದ 1958ರವರೆಗೆ 16 ಸಂಪುಟಗಳಲ್ಲಿ ಧವಲಾ ಸಹಿತ ಷಟ್ಖಂಡಾಗಮ ಪ್ರಕಟವಾಯಿತು. ಪ್ರಧಾನ ಸಂಪಾದಕ ಡಾ. ಹೀರಾಲಾಲ್ ಜೈನ್ ಅಮರಾವತಿಯ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಹಣ ವಿದಿಶೆಯ ಶೇಠ್ ಲಕ್ಷ್ಮೀಚಂದ್ರರ ದಾನದಿಂದ ಬಂತು. ಪಾಠ ಕೂಡಿಸುವಲ್ಲಿ ಫೂಲಚಂದ್ರ ಶಾಸ್ತ್ರಿ, ಹೀರಾಲಾಲ್ ಶಾಸ್ತ್ರಿ, ಬಾಲಚಂದ್ರ ಶಾಸ್ತ್ರಿಯವರಂತಹ ಪಂಡಿತರು ಹೆಗಲು ಕೊಟ್ಟರು. ಪ್ರಾಧ್ಯಾಪಕರ ಸ್ಥಾನ, ಪಂಡಿತರ ಓದು, ಶ್ರಾವಕರ ಹಣ ಮೂರೂ ಸೇರಿ ಒಂದು ಗ್ರಂಥ ಬೆಳಕು ಕಂಡಿತು.

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯದೂ ಇದೇ ಕಥೆ. ಬಿಹಾರದ ಆರಾ ನಗರದ ಜೈನ ಸಿದ್ಧಾಂತ ಭವನದಲ್ಲಿ ಗ್ರಂಥಪಾಲರಾಗಿದ್ದ ಅವರು ಕರಾವಳಿಯ ಜೈನ ಭಂಡಾರಗಳ ಗ್ರಂಥಗಳನ್ನು ಪಟ್ಟಿ ಮಾಡಿದರು. 1948ರಲ್ಲಿ ಭಾರತೀಯ ಜ್ಞಾನಪೀಠ ಅದನ್ನು ಪ್ರಕಟಿಸಿತು. ಅಂದಿನ ಪಂಡಿತರ ಬೆನ್ನಿಗೆ ಸಮಾಜದ ಒಂದಲ್ಲ ಒಂದು ಸಂಸ್ಥೆ ಇತ್ತು. ಇಂದು ಹಣ ಸರ್ಕಾರದಿಂದ ಬರಬಹುದು, ಆದರೆ ಬೆನ್ನಿಗೆ ನಿಲ್ಲುವ ಆ ಸ್ಥಾನ ಖಾಲಿ ಇದೆ.

ಅರ್ಜಿ ಹಾಕುವವರು ಗಮನಿಸಬೇಕಾದುದು

ಮೊದಲನೆಯದು, ವಿಷಯದ ಗಾತ್ರ. ‘ಕರ್ನಾಟಕದ ಜೈನ ಸಾಹಿತ್ಯದ ಅಧ್ಯಯನ’ ಎಂಬ ಅರ್ಜಿಯಿಂದ ಪರಿಶೀಲನಾ ಸಮಿತಿಗೆ ಏನೂ ತಿಳಿಯುವುದಿಲ್ಲ. ಇಂಥ ಊರಿನ ಇಂಥ ಬಸದಿಯಲ್ಲಿ ಇಷ್ಟು ಕಟ್ಟುಗಳಿವೆ, ಮೊದಲ ವರ್ಷ ಇವುಗಳ ಸೂಚಿ, ಎರಡನೆಯ ವರ್ಷ ಈ ಎರಡು ಅಪ್ರಕಟಿತ ಕೃತಿಗಳ ಲಿಪ್ಯಂತರ ಎಂದು ಬರೆದರೆ ಕೆಲಸ ಎಣಿಕೆಗೆ ಸಿಗುತ್ತದೆ.

ಎರಡನೆಯದು, ಅನುಮತಿ. ಬಸದಿಯ ಮೊಕ್ತೇಸರರಿಂದ ಅಥವಾ ಮಠದಿಂದ ಗ್ರಂಥಗಳನ್ನು ನೋಡಲು, ಛಾಯಾಚಿತ್ರ ತೆಗೆಯಲು ಲಿಖಿತ ಒಪ್ಪಿಗೆ ಪಡೆದು ಅರ್ಜಿಯೊಂದಿಗೆ ಲಗತ್ತಿಸಬೇಕು. ಚಿತ್ರಗಳು ಯಾರ ಬಳಿ ಉಳಿಯುತ್ತವೆ, ಪ್ರಕಟಣೆಯ ಹಕ್ಕು ಯಾರದು ಎಂಬುದನ್ನೂ ಅದರಲ್ಲೇ ಬರೆದುಕೊಳ್ಳುವುದು ಒಳಿತು. ಮುಂದಿನ ಮನಸ್ತಾಪ ತಪ್ಪುತ್ತದೆ.

ಮೂರನೆಯದು, ಯೋಗ್ಯತೆಯ ಪುರಾವೆ. ಉನ್ನತ ಪದವಿ ಇಲ್ಲದವರು ಸಂಪಾದಿಸಿದ ಪುಸ್ತಕ, ಪತ್ರಿಕೆಗಳಲ್ಲಿ ಬಂದ ಲೇಖನ, ಹಿಂದೆ ತಯಾರಿಸಿದ ಸೂಚಿಗಳನ್ನು ಮುಂದಿಡಬೇಕು. ಒಂದು ಗರಿಯ ಚಿತ್ರ ಮತ್ತು ಅದರ ಲಿಪ್ಯಂತರದ ಮಾದರಿ ಪುಟವು ಹತ್ತು ಶಿಫಾರಸು ಪತ್ರಗಳಿಗಿಂತ ಹೆಚ್ಚು ಹೇಳುತ್ತದೆ.

ನಾಲ್ಕನೆಯದು, ಲೆಕ್ಕ. ಫೆಲೋಶಿಪ್ ಹಣ ಒಂದೇ ಸಲ ಬರುವುದಿಲ್ಲ. ಪ್ರಗತಿ ವರದಿ ಸಲ್ಲಿಸಿದ ಮೇಲೆ ಮುಂದಿನ ಕಂತು. ಕಂತು ತಡವಾದರೆ ಕೆಲಸ ನಿಲ್ಲದಂತೆ ಕೈಯಲ್ಲಿ ಸ್ವಲ್ಪ ಹಣ ಇರಬೇಕು. ಪ್ರತ್ಯೇಕ ಬ್ಯಾಂಕ್ ಖಾತೆ ಇಟ್ಟು, ಮೊದಲ ದಿನದಿಂದಲೇ ರಸೀದಿಗಳನ್ನು ಕಡತಕ್ಕೆ ಹಾಕುತ್ತಾ ಬಂದರೆ ಕೊನೆಯಲ್ಲಿ ಪರದಾಟವಿಲ್ಲ.

ಮಠ, ಟ್ರಸ್ಟ್‌ಗಳ ಮುಂದಿರುವ ಕೆಲಸ

ಎಷ್ಟೇ ಚೊಕ್ಕವಾಗಿ ಬರೆದರೂ ಸಂಸ್ಥೆಯ ಹೆಸರಿನ ಅಂಕಣ ಖಾಲಿ ಉಳಿದರೆ ದೊಡ್ಡ ಯೋಜನೆಗಳು ಕೈತಪ್ಪುತ್ತವೆ. ಆ ಅಂಕಣ ತುಂಬುವ ಶಕ್ತಿ ಸಮಾಜದ ಸಂಸ್ಥೆಗಳಿಗಿದೆ. ಶ್ರವಣಬೆಳಗೊಳದಲ್ಲಿ ರಾಷ್ಟ್ರೀಯ ಪ್ರಾಕೃತ ಅಧ್ಯಯನ ಮತ್ತು ಸಂಶೋಧನ ಸಂಸ್ಥೆ ಇದೆ. ಮಠಗಳು, ನೋಂದಾಯಿತ ಟ್ರಸ್ಟ್‌ಗಳು, ಸಮಾಜದ ಕಾಲೇಜುಗಳು ಇವೆ. ಇವುಗಳಲ್ಲಿ ಹಲವಕ್ಕೆ ಕಚೇರಿ, ಗುಮಾಸ್ತರು, ಪ್ರತಿವರ್ಷ ಬರುವ ಲೆಕ್ಕಪರಿಶೋಧಕರು ಈಗಾಗಲೇ ಇದ್ದಾರೆ. ವರ್ಷಕ್ಕೆ ಇಬ್ಬರು ಮೂವರು ಸ್ವತಂತ್ರ ವಿದ್ವಾಂಸರಿಗೆ ‘ಸಂಯೋಜಿತ ಸಂಶೋಧಕರು’ ಎಂಬ ಸ್ಥಾನ, ಒಂದು ಒಪ್ಪಿಗೆ ಪತ್ರ, ಲೆಕ್ಕ ಇಡುವ ನೆರವು ಕೊಡಲು ಹೊಸ ಕಟ್ಟಡ ಬೇಕಿಲ್ಲ. ಸಂಶೋಧನಾ ಪರಿಷತ್ತುಗಳ ಮಾನ್ಯತೆ ಇನ್ನೂ ಇಲ್ಲದ ಸಂಸ್ಥೆಗಳು ಅದಕ್ಕೆ ಈಗಲೇ ಪ್ರಯತ್ನ ಆರಂಭಿಸಬೇಕು; ಅಥವಾ ಹತ್ತಿರದ ವಿಶ್ವವಿದ್ಯಾಲಯದ ಪ್ರಾಕೃತ, ಕನ್ನಡ ವಿಭಾಗಗಳೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು. ಅರ್ಜಿ ನಮೂನೆಗಳು ಇಂಗ್ಲಿಷ್, ಹಿಂದಿಯಲ್ಲಿರುವುದರಿಂದ ಕನ್ನಡದ ಪಂಡಿತರಿಗೆ ಭಾಷೆಯ ನೆರವೂ ಬೇಕಾಗುತ್ತದೆ.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಆ ಶಾಸ್ತ್ರದಾನದಲ್ಲಿ ಬರೆಯುವವರ ಕೂಲಿ, ಓಲೆಯ ಬೆಲೆ, ಕೂರುವ ಜಾಗ ಎಲ್ಲವೂ ಸೇರಿತ್ತು. ಈಗ ಸ್ಕ್ಯಾನಿಂಗ್ ಯಂತ್ರಗಳು ಗರಿಗಳ ಚಿತ್ರ ತೆಗೆದಿಡುತ್ತವೆ, ಚಿತ್ರಗಳು ಬಹುಕಾಲ ಉಳಿಯಲೂಬಹುದು. ಅವುಗಳನ್ನು ಓದಬಲ್ಲ ಹಿರಿಯರಿಗೆ ವಯಸ್ಸಾಗುತ್ತಿದೆ. ಅವರ ಪಕ್ಕದಲ್ಲಿ ಕುಳಿತು ಕಲಿಯುವ ಒಬ್ಬ ಯುವಕನಿಗೆ, ಒಬ್ಬ ಯುವತಿಗೆ ಎರಡು ವರ್ಷದ ಫೆಲೋಶಿಪ್ ಸಿಗುವಂತೆ ಮಾಡುವುದು ಒಂದು ಮಠದ ಅಥವಾ ಟ್ರಸ್ಟಿನ ಒಂದು ಪತ್ರದಿಂದ ಆಗಬಹುದಾದ ಕೆಲಸ. ಮುಂದಿನ ಅರ್ಜಿ ಆಹ್ವಾನಕ್ಕೆ ಮೊದಲೇ ಆ ಪತ್ರ ಸಿದ್ಧವಾಗಿರಲಿ.